ಹಳೇ ಅಕ್ಕಿ ಮಿಲ್ಲನ್ನು ಮನೆ ಮಾಡಬೇಕು, ಗೋಡೆ ತೇವಕ್ಕೆ ಏನು ದಾರಿ?

ನಾಲೆ ಬಯಲು:
ಪಾಂಡವಪುರದ ಹತ್ತಿರ ತಾತನ ಕಾಲದ ಅಕ್ಕಿ ಮಿಲ್ಲಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಬಂದು ಸುತ್ತ ಭತ್ತ ಜಾಸ್ತಿಯಾದ ಮೇಲೆ ಕಟ್ಟಿಸಿದ್ದಂತೆ. ಭತ್ತದ ಹೊಟ್ಟು ಬಿಡಿಸೋ ಹಲ್ಲರ್ ಯಂತ್ರ ಮಾರಿ ಎಷ್ಟೋ ಕಾಲವಾಯ್ತು. ತೇಗದ ತೊಲೆ, ಮಂಗಳೂರು ಹೆಂಚು ಚೆನ್ನಾಗಿವೆ. ಆದರೆ ಇಟ್ಟಿಗೆ ಗೋಡೆ ಮೊಣಕಾಲಿನ ಮಟ್ಟಕ್ಕೆ ಒದ್ದೆ, ಬಿಳಿ ಉಪ್ಪು ಬೇರೆ ಉದುರುತ್ತೆ. ಹಳೇ ಗಾರೆ ಕೆತ್ತಿ ಸಿಮೆಂಟ್ ಹೊಡೆದರೆ ಸರಿಹೋಗುತ್ತೆ ಅಂತಾರೆ ಮೇಸ್ತ್ರಿ. ಹೆಂಚು ತೆಗೆದು ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ತಾರಸಿ ಹಾಕಿಸು ಅಂತಾರೆ ಅಮ್ಮ. ಎಂಜಿನ್ ಕೂರಿಸಿದ್ದ ಕಲ್ಲುಕಟ್ಟೆ ಏನು ಮಾಡೋದು?

ಮಿಲ್ ಮನೆ ಸೊಸೆ:
ಸಿಮೆಂಟ್ ಮಾತ್ರ ಹೊಡೆಸಬೇಡಿ. ಮದ್ದೂರು ಕಡೆ ನಮ್ಮ ಮಾವನವರ ಮಿಲ್ಲಲ್ಲೇ ನಾವಿರೋದು. ನಿಮ್ಮ ಮಿಲ್ಲಿಗೆ ಭತ್ತ ತಂದ ನಾಲೆ ನೀರೇ ಈಗ ಗೋಡೆ ಹತ್ತುತ್ತಿದೆ. ಗದ್ದೆಗೆ ನೀರು ಬಿಟ್ಟಾಗ ನೆಲದ ತೇವ ಜಾಸ್ತಿಯಾಗುತ್ತೆ. ಇಟ್ಟಿಗೆ ಅದನ್ನು ಎಳೆದುಕೊಳ್ಳುತ್ತೆ, ಸುಣ್ಣದ ಗಾರೆ ಆರೋಕೆ ಬಿಡುತ್ತೆ. ಸಿಮೆಂಟ್ ಆ ದಾರಿ ಮುಚ್ಚಿಬಿಡುತ್ತೆ. ಆಗ ನೀರು ಇನ್ನೂ ಮೇಲಕ್ಕೆ ಹೋಗಿ ಸಿಮೆಂಟನ್ನೇ ಹಪ್ಪಳದ ಹಾಗೆ ಎಬ್ಬಿಸುತ್ತೆ.

ಮೊದಲು ಹೊರಗೆ ನೋಡಿ. ಭತ್ತ ಒಣಗಿಸುತ್ತಿದ್ದ ಕಣದ ಕಾಂಕ್ರೀಟು ಗೋಡೆಗೆ ತಾಗಿದೆಯಾ? ತಾಗಿದ್ದರೆ ಗೋಡೆ ಪಕ್ಕದ ಅಷ್ಟು ಭಾಗ ಒಡೆಸಿ, ಮಳೆನೀರು ಹರಿದುಹೋಗೋ ಹಾಗೆ ಚರಂಡಿ ಮಾಡಿಸಿ. ಗೋಡೆ ಆರಲಿ, ಅವಸರ ಬೇಡ. ಆಮೇಲೆ ನೆನೆಹಾಕಿದ ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾರೆ. ಹಳಬರು ಬೆಲ್ಲದ ನೀರು, ಅಳಲೆಕಾಯಿ ನೀರೂ ಹಾಕುತ್ತಿದ್ದರು. ಮಂಡ್ಯದಲ್ಲಿ ಬೆಲ್ಲಕ್ಕೇನು ಬರ! ಮೇಲೆ ಸುಣ್ಣ ಬಳಿದರೆ ಸಾಕು, ಪ್ಲಾಸ್ಟಿಕ್ ಪೇಂಟ್ ಬೇಡವೇ ಬೇಡ.

ಎಂಜಿನ್ ಇದ್ದ ಕಡೆ ನೆಲ ಎಣ್ಣೆ ಕುಡಿದಿರುತ್ತೆ. ಬಿಸಿಲು ಏರಿದರೆ ಡೀಸೆಲ್ ವಾಸನೆ ಬರುತ್ತೆ, ಗಾರೆನೂ ಹಿಡಿಯಲ್ಲ. ಆ ಮಣ್ಣು ಅಗೆಸಿ ಹೊರಗೆ ಹಾಕಿಸಿ. ಕಟ್ಟೆ ಇರಲಿ ಬಿಡಿ, ನಮ್ಮನೇಲಿ ಎಲ್ಲರೂ ಕಾಫಿ ಕುಡಿಯೋದು ಅದರ ಮೇಲೇ. ಬೋಲ್ಟುಗಳನ್ನು ಮಾತ್ರ ಕುಯ್ಯಿಸಿ, ಸೀರೆ ಸಿಕ್ಕಿಕೊಳ್ಳುತ್ತೆ. ಗೋಡೆ ತಲೆಯ ಸಂದಿನಲ್ಲಿ ತೌಡು ಕೂತಿರುತ್ತೆ. ಅದನ್ನು ಗುಡಿಸದೆ ಒಳಗೆ ಬಂದರೆ ಇಲಿಗಳ ಜೊತೆ ಸಂಸಾರ.

ಸೈಟ್ ಇಂಜಿನಿಯರ್:
ಅಕ್ಕ ಹೇಳಿದ್ದು ಸರಿ. ಇನ್ನು ಅಮ್ಮ ಹೇಳೋ ತಾರಸಿ ವಿಷಯ. ನಾಲ್ಕಿಂಚಿನ ಆರ್‌ಸಿಸಿ ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತೆ. ಹೆಂಚಿನ ಭಾರ ಅದರ ಕಾಲು ಭಾಗವೂ ಇಲ್ಲ. ಪಾಯ ನೋಡದೆ ಅಷ್ಟು ಭಾರ ಹೊರಿಸಬೇಡಿ. ಇನ್ನೊಂದು: ಜಾಗ ಕೈಗಾರಿಕೆಗೆ ಅಂತ ಭೂ ಪರಿವರ್ತನೆಯಾಗಿದ್ದರೆ, ವಾಸಕ್ಕೆ ಬದಲಾಯಿಸಿಕೊಳ್ಳಿ. ಸಾಲಕ್ಕೆ ಹೋದರೆ ಬ್ಯಾಂಕಿನವರು ಮೊದಲು ಕೇಳೋದೇ ಅದು.

ನಾಲೆ ಬಯಲು:
ಕಣದ ಕಾಂಕ್ರೀಟು ಗೋಡೆಗೇ ಅಂಟಿಕೊಂಡಿದೆ! ನಾಳೆಯೇ ಒಡೆಸ್ತೀನಿ. ಆರ್‌ಸಿಸಿ ಬೇಡ ಅಂತ ಅಮ್ಮ ಒಪ್ಪಿದರು, ಆದರೆ ಅಡುಗೆಮನೆಗೆ ಹೆಂಚಿನ ಧೂಳು ಬೀಳಬಾರದಂತೆ. ಕೆಳಗೆ ಹಲಗೆ ಹೊಡೆಸಿದರೆ ಸಾಕಾ ಅಕ್ಕ?

ಮಿಲ್ ಮನೆ ಸೊಸೆ:
ಸಾಕು. ಒಂದು ಹಲಗೆ ಬಿಚ್ಚೋಕೆ ಬರೋ ಹಾಗಿರಲಿ, ಹೆಂಚು ಒಡೆದಾಗ ಕೈ ಹಾಕಬೇಕಲ್ವಾ.