ಸಹಾಯ ಬೇಕು: ಜೇನುಮೇಣದ ಬಟ್ಟೆ ಅಂಟಿಕೊಳ್ಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಪ್ಲಾಸ್ಟಿಕ್ ಹಾಳೆಗೆ, ಅಲ್ಯೂಮಿನಿಯಂ ಫಾಯಿಲ್‌ಗೆ ತಿಂಗಳು ತಿಂಗಳೂ ದುಡ್ಡು ಸುರಿಯುವುದು ಬೇಡವೆಂದು ಆಹಾರ ಸುತ್ತಿಡುವ ಜೇನುಮೇಣದ ಬಟ್ಟೆಯನ್ನು ಮನೆಯಲ್ಲೇ ತಯಾರಿಸುತ್ತಿದ್ದೇನೆ. ಸಿದ್ಧವಾಗಿ ಸಿಗುವುದು ನಮಗೆ ಕೈಗೆಟುಕುವುದಿಲ್ಲ.

ಹಳೆಯ ಹತ್ತಿ ಪಂಚೆಯ ತುಂಡಿನ ಮೇಲೆ ತುರಿದ ಮೇಣ ಹರಡಿ, ಬಟರ್ ಪೇಪರ್ ಹೊದಿಸಿ ಇಸ್ತ್ರಿ ಪೆಟ್ಟಿಗೆ ಆಡಿಸುತ್ತೇನೆ. ಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಹೆಚ್ಚು ಶಾಖ ಬೇಕಿಲ್ಲ. ಅಲ್ಲಿಯವರೆಗೆ ಎಲ್ಲವೂ ಸರಿ. ಆರಿದ ಮೇಲೆ ಬಟ್ಟೆ ಬಿರುಸಾಗುತ್ತದೆ, ಮಡಿಸಿದ ಕಡೆ ಮೇಣ ಬಿರುಕು ಬಿಟ್ಟು ಉದುರುತ್ತದೆ, ಬಟ್ಟಲಿನ ಬಾಯಿಗೆ ಅಂಟುವುದೇ ಇಲ್ಲ. ಕೊಬ್ಬರಿ ಎಣ್ಣೆ ಬೆರೆಸಿದರೆ ಮೆತ್ತಗಾಗುತ್ತದೆ ನಿಜ. ಆದರೆ ಸುಮಾರು 24 ಡಿಗ್ರಿಗೆ ಕರಗುವ ಆ ಎಣ್ಣೆ ರಾಯಚೂರಿನ ಬೇಸಿಗೆಯಲ್ಲಿ ಕೈಗೆಲ್ಲ ಜಿಡ್ಡಾಗುತ್ತದೆ.

ಅಂಟು ಬರಲು ಪೈನ್ ಮರದ ರಾಳ ಸೇರಿಸುತ್ತಾರೆ. ಗ್ರಂದಿಗೆ ಅಂಗಡಿಯ ರಾಳ ಆಹಾರಕ್ಕೆ ತಾಗಿದರೆ ತೊಂದರೆಯಿಲ್ಲವೇ? ನೂರು ಗ್ರಾಂ ಮೇಣಕ್ಕೆ ಎಷ್ಟು ಹಾಕುತ್ತೀರಿ? ಮೇಣ ಮೆತ್ತಗಾಗಲು ಬೆರೆಸುವ ಜೊಜೊಬಾ ಎಣ್ಣೆ (ಒಂದು ಬಗೆಯ ಬೀಜದ ಎಣ್ಣೆ) ದುಬಾರಿ. ಅದರ ಬದಲು ಎಳ್ಳೆಣ್ಣೆ ಬಳಸಿದವರಿದ್ದರೆ, ಕಮಟು ವಾಸನೆ ಬಂದಿತೇ ಎಂದು ದಯವಿಟ್ಟು ಹೇಳಿ.

ಬಿಸಿ ಚಪಾತಿ, ಹಸಿ ಮಾಂಸ ಸುತ್ತುವುದಿಲ್ಲ, ತಣ್ಣೀರಿನಲ್ಲೇ ತೊಳೆಯುತ್ತೇನೆ. ನಿಂಬೆಹೋಳು, ಕೊತ್ತಂಬರಿ ಸೊಪ್ಪು ಸುತ್ತಿಟ್ಟರೆ ಸಾಕು. ಮಲೆನಾಡು, ಕೊಡಗಿನಲ್ಲಿ ಜೇನು ಸಾಕುವವರು ಯಾರಾದರೂ ಇದ್ದೀರಾ? ಪ್ಯಾರಾಫಿನ್ (ಪೆಟ್ರೋಲಿಯಂನಿಂದ ತೆಗೆಯುವ ಮೇಣ) ಬೆರೆಸಿದ ಜೇನುಮೇಣವನ್ನು ಗುರುತಿಸುವುದು ಹೇಗೆಂದು ನಿಮ್ಮಿಂದಲೇ ತಿಳಿಯಬೇಕಿದೆ.