ಆರ್ಟಿಚೋಕ್ ಗಿಡ ಸೊಂಟದೆತ್ತರ ಬೆಳೆದಿದೆ, ಮೊಗ್ಗೇ ಇಲ್ಲ (ಗಂಗಾವತಿ)

ತಾರಸಿತೋಟ_ಗಂಗಾವತಿ
ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ಆರ್ಟಿಚೋಕ್ (ಹೂವಿನ ಮೊಗ್ಗನ್ನೇ ತರಕಾರಿ ತರ ತಿನ್ನೋ ಗಿಡ) ಬೀಜ ತರಿಸಿ ತಾರಸಿ ಮೇಲೆ ದೊಡ್ಡ ಗ್ರೋ ಬ್ಯಾಗ್‌ನಲ್ಲಿ ಹಾಕಿದ್ದೆ. ಎಂಟರಲ್ಲಿ ಮೂರು ಹುಟ್ಟಿದವು. ಎಲೆ ಭಾರಿ ಚೆಂದ, ಬೂದಿ ಬಳಿದ ಹಾಗಿದೆ, ಸೀಳು ಸೀಳಾಗಿ ಹರಡಿಕೊಂಡಿದೆ. ಆದ್ರೆ ಏಪ್ರಿಲ್ ಬಂತು, ಒಂದೂ ಮೊಗ್ಗಿಲ್ಲ, ಈಗ ಎಲೆ ತುದಿ ಸುಡ್ತಾ ಇದೆ. ಪಕ್ಕದ ಮನೆ ಅಜ್ಜಿ ದಿನಾ "ಈ ಮುಳ್ಳಕಂಟಿಗೆ ಯಾಕವ್ವ ನೀರ ಹಾಕ್ತಿ" ಅಂತಾರೆ. ಬೀಜ ಮೋಸನಾ, ನನ್ನ ತಪ್ಪಾ?

ಎರಿಹೊಲ_ರಾಯಚೂರು
ಬೀಜದ ತಪ್ಪಲ್ಲ ಅಕ್ಕಾರೆ, ನಮ್ಮೂರ ಬಿಸಿಲಿಂದು. ಈ ಗಿಡಕ್ಕೆ ಮೊಗ್ಗು ಬಿಡಬೇಕಾದ್ರೆ ಮೊದಲು ಚಳಿ ತಿನ್ನಬೇಕು. 10 ಡಿಗ್ರಿಗಿಂತ ಕೆಳಗೆ ಒಟ್ಟು 250 ಗಂಟೆಯಾದರೂ ಬೇಕು, ಕೆಲವು ತಳಿಗೆ 500. ನಮ್ಮ ಕಡೆ ಡಿಸೆಂಬರ್‌ನಲ್ಲೂ ಅಷ್ಟು ಚಳಿ ಎಲ್ಲಿಂದ ತರ್ತೀರಿ? ಇಟಲಿ, ಸ್ಪೇನ್, ಈಜಿಪ್ಟ್‌ನಲ್ಲಿ ಜಾಸ್ತಿ ಬೆಳೀತಾರೆ, ಅಲ್ಲಿಯ ಚಳಿಗಾಲ ಅದಕ್ಕೆ ಹೊಂದುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿ ಕಡೆ ಚಳಿ ಸಾಲದೆ ಇದ್ದಾಗ ಜಿಬ್ಬರೆಲಿಕ್ ಆಮ್ಲ ಅನ್ನೋ ಗಿಡದ ಬೆಳವಣಿಗೆ ಹಾರ್ಮೋನ್ ಸಿಂಪಡಿಸುತ್ತಾರೆ, ಅದೇ ನಮ್ಮ ದ್ರಾಕ್ಷಿ ತೋಟದವರು ಹೊಡೆಯುವ ಜಿಎ. ಮೂರು ಗಿಡಕ್ಕೆ ಆ ಗೋಜು ಬೇಡ. ಮುಂದಿನ ಸಲ ಇಂಪೀರಿಯಲ್ ಸ್ಟಾರ್ ತಳಿ ಹುಡುಕಿ, ಅದಕ್ಕೆ ಚಳಿ ಕಮ್ಮಿ ಸಾಕು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ವಾರ ಫ್ರಿಜ್‌ನಲ್ಲಿಟ್ಟು ಆಮೇಲೆ ಹಾಕಿ.

ಇನ್ನೊಂದು ಮಾತು. ಇದು ನಮ್ಮ ಕುಸುಬಿಯ ನೆಂಟ. ಎರಡೂ ಸೂರ್ಯಕಾಂತಿ ಕುಟುಂಬದ ಮುಳ್ಳುಗಿಡಗಳು. ಕುಸುಬಿ ಕೊಯ್ಯೋಕೆ ಕಾಲಿಗೆ ಗೋಣಿ ಸುತ್ತಿಕೊಂಡು ಹೋದವರಿಗೆ ಆ ಮೊಗ್ಗಿನ ಮೇಲಿನ ಮುಳ್ಳು ಹೊಸದಲ್ಲ.

ಬಿಸಿಲೂರು_ಬಳ್ಳಾರಿ
ಆರ್ಟಿಚೋಕ್ ಅಂದ್ರೆ ಶುಂಠಿ ತರ ನೆಲದೊಳಗೆ ಆಗೋ ಗಡ್ಡೆ ಅಲ್ವಾ? ನಾನು ಫೋಟೋ ನೋಡಿದ್ದೆ.

ಅಡುಗೆಭಟ್ಟ_ಆನೆಗೊಂದಿ
ಅದು ಜೆರುಸಲೇಂ ಆರ್ಟಿಚೋಕ್ ಸರ್, ಉತ್ತರ ಅಮೆರಿಕದ ಸೂರ್ಯಕಾಂತಿ ಜಾತಿ, ಹೆಸರಲ್ಲಿ ಬಿಟ್ರೆ ಜೆರುಸಲೇಮಿಗೂ ಅದಕ್ಕೂ ಸಂಬಂಧ ಇಲ್ಲ. ಇಲ್ಲಿ ಕೇಳ್ತಿರೋದು ಹೂ ಅರಳೋ ಮುಂಚೆ ಕೊಯ್ದು ತಿನ್ನೋ ಮೊಗ್ಗು.

ನಾನು ಹೊಳೆ ಪಕ್ಕದ ಒಂದು ಗೆಸ್ಟ್ ಹೌಸ್‌ನಲ್ಲಿ ಅಡುಗೆಗಿದ್ದೆ. ಒಬ್ಬ ಇಟಲಿಯವರು ಬೆಂಗಳೂರಿಂದ ನಾಲ್ಕು ಹಿಡಿದುಕೊಂಡು ಬಂದು ಕಲಿಸಿಕೊಟ್ರು. ಕತ್ತರಿಸಿದ ತಕ್ಷಣ ನಿಂಬೆ ಸವರಬೇಕು, ಇಲ್ಲಾಂದ್ರೆ ಬದನೆಕಾಯಿ ತರ ಕಪ್ಪಾಗುತ್ತೆ. ಮುಕ್ಕಾಲು ಗಂಟೆ ಕುದಿಸಿ ಒಂದೊಂದೇ ಎಸಳು ಕಿತ್ತು ಬುಡದ ತಿರುಳನ್ನು ಹಲ್ಲಿಂದ ಎಳೆದು ತಿನ್ನೋದು, ಸಾರಿನ ನುಗ್ಗೆಕಾಯಿ ತಿಂತೀವಲ್ಲ ಥೇಟ್ ಹಾಗೆ. ಒಳಗೆ ನಾರು ನಾರು ಕೂದಲು ಸಿಗುತ್ತೆ, ಅದನ್ನು ಚಮಚದಲ್ಲಿ ಕೆರೆದು ಬಿಸಾಕಿ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅದರ ಕೆಳಗಿರೋ ಬಟ್ಟಲೇ ಅಸಲು ಮಾಲು. ತಿಂದ ಮೇಲೆ ನೀರು ಕುಡಿದೆ, ನೆಲ್ಲಿಕಾಯಿ ತಿಂದ ಹಾಗೆ ಸಿಹಿ! ಸೈನರಿನ್ ಅನ್ನೋ ಪದಾರ್ಥದ ಕೆಲಸ ಅಂತೆ. ನಿಜ ಹೇಳ್ಬೇಕಂದ್ರೆ, ಇಷ್ಟು ಕಷ್ಟಪಟ್ಟು ಸಿಗೋದು ಎರಡು ತುತ್ತು. ನನಗೆ ಮುಳ್ಳುಬದನೆ ಎಣ್ಣೆಗಾಯೇ ಸಾಕು.

ತಾರಸಿತೋಟ_ಗಂಗಾವತಿ
ಅಯ್ಯೋ, ನಾನು ಫ್ರಿಜ್ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ಈಗಿರೋ ಗಿಡ ಏನು ಮಾಡ್ಲಿ, ಕಿತ್ತು ಹಾಕ್ಲಾ? ಅಜ್ಜಿಗೆ ಕುಸುಬಿ ನೆಂಟ ಅಂದೆ, ತಕ್ಷಣ "ಹಂಗಾದ್ರ ಎಳೀ ಎಲೀ ಪಲ್ಯ ಮಾಡಾಕ ಬರ್ತೈತೇನು" ಅಂತ ಕೇಳಿದ್ರು.

ಎರಿಹೊಲ_ರಾಯಚೂರು
ಕೀಳಬೇಡಿ. ವರ್ಷಗಟ್ಟಲೆ ಬಾಳೋ ಗಿಡ, ತನ್ನೂರಲ್ಲೂ ಬೇಸಿಗೆಯಲ್ಲಿ ಒಣಗಿ ಮಲಗುತ್ತೆ. ಬುಡಕ್ಕೆ ಕತ್ತರಿಸಿ, ಮೇಲೆ ಒಣಹುಲ್ಲು ಹೊದಿಸಿ, ಬ್ಯಾಗ್ ನೆರಳಿಗೆ ಸರಿಸಿ. ನೀರು ನಿಂತರೆ ಬುಡ ಕೊಳೆಯುತ್ತೆ, ಮಳೆಗಾಲದಲ್ಲಿ ಹುಷಾರು. ಬದುಕಿದ್ರೆ ಪಕ್ಕದಲ್ಲಿ ಮರಿ ಒಡೆಯುತ್ತೆ.

ಪಲ್ಯ ಮಾತ್ರ ಬೇಡ ಅನ್ನಿ, ಎಲೆ ವಿಪರೀತ ಕಹಿ. ಇದರದ್ದೇ ಜಾತಿಯ ಕಾರ್ಡೂನ್ ಅಂತ ಇದೆ, ಅದಕ್ಕೆ ಬಿಸಿಲು ತಾಗದ ಹಾಗೆ ಬಟ್ಟೆ ಸುತ್ತಿ ಬೆಳ್ಳಗೆ ಮಾಡಿಕೊಂಡು ಎಲೆಯ ದಂಟು ಬೇಯಿಸಿ ತಿಂತಾರೆ. ಅಜ್ಜಿಗೆ ಚಳಿಗಾಲದಲ್ಲಿ ಒಂದು ಕಟ್ಟು ಕುಸುಬಿ ಸೊಪ್ಪು ತಂದುಕೊಡಿ.