ಹಗಲಲ್ಲೇ ಲೈನ್ ಮನೆಗೆ ನುಗ್ಗಿದ ನರಿ

ಪ್ರಶ್ನೆ (ಸಿದ್ದಾಪುರ ಕಡೆಯ ಬೆಳೆಗಾರರು): ಡಾಕ್ಟ್ರೇ, ಮೊನ್ನೆ ಮಧ್ಯಾಹ್ನ ನರಿಯೊಂದು ತೂರಾಡಿಕೊಂಡು ನಮ್ಮ ತೋಟದ ಲೈನ್ ಮನೆಗೆ (ಕೆಲಸಗಾರರ ಸಾಲುಮನೆ) ಬಂತು. ಕೂಗಿದರೂ ಹೆದರಲಿಲ್ಲ. ಎರಡು ನಾಯಿಗೂ ಹಸುವಿನ ಮೂತಿಗೂ ಕಚ್ಚಿತು. ಓಡಿಸಲು ಹೋದ ಹುಡುಗನ ಕಾಲಿಗೆ ಹಲ್ಲು ತಾಗಿ ಒಂದೆರಡು ಹನಿ ರಕ್ತ ಬಂದಿದೆ, ಅರಿಶಿನ ಹಚ್ಚಿದ್ದಾನೆ. ಇವತ್ತು ನರಿ ತೋಡಿನ ಬದಿ ಸತ್ತು ಬಿದ್ದಿದೆ. ಹೂತುಬಿಡಲೇ?

ಉತ್ತರ (ಪಶುವೈದ್ಯ): ಮೊದಲು ಆ ಹುಡುಗನನ್ನು ಆಸ್ಪತ್ರೆಗೆ ಹೊರಡಿಸಿ. ಜೀಪು ಹತ್ತುವ ಮುನ್ನ ಅರಿಶಿನ ತೊಳೆದು, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಲಿ. ಎರಡು ದಿನ ಕಳೆದಿದ್ದರೂ ತೊಳೆಯಬೇಕು. ಕಾಡುಪ್ರಾಣಿ ಕಚ್ಚಿ ರಕ್ತ ಬಂದಿದೆ ಎಂದರೆ ಹುಚ್ಚುನಾಯಿ ರೋಗದ (ರೇಬೀಸ್) ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು, ಕೇಳಿ ಹಾಕಿಸಿ. ಕಚ್ಚಿದ ಪ್ರಾಣಿಯನ್ನು ಹತ್ತು ದಿನ ಕಾದು ನೋಡುವ ಲೆಕ್ಕ ಸಾಕಿದ ನಾಯಿ, ಬೆಕ್ಕಿಗೆ ಮಾತ್ರ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು.

ನರಿಯನ್ನು ಮುಟ್ಟಬೇಡಿ, ನಾಯಿಗಳು ಎಳೆಯದಂತೆ ಕಾಯಿರಿ. ಅರಣ್ಯ ಇಲಾಖೆಗೂ ಪಶು ಆಸ್ಪತ್ರೆಗೂ ಫೋನ್ ಮಾಡಿ. ಮಿದುಳಿನ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳ ಪಶುವೈದ್ಯ ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಫಲಿತಾಂಶಕ್ಕೆ ಕಾದು ಲಸಿಕೆ ತಡಮಾಡಬೇಡಿ.

ಪ್ರಶ್ನೆ (ಅವರೇ): ಹುಡುಗ ಹೊರಟ. ಹಸು ಮೇಯುತ್ತಿದೆ, ಚೆನ್ನಾಗೇ ಇದೆ. ಹಾಲು ಕುಡಿಯಬಹುದೇ?

ಉತ್ತರ: ಈಗ ಚೆನ್ನಾಗಿದ್ದರೂ ರೋಗ ವಾರಗಳು, ತಿಂಗಳು ಕಳೆದು ಬರಬಹುದು. ಅದಕ್ಕೂ ಇವತ್ತೇ ಲಸಿಕೆ ಶುರುಮಾಡಿ: 0, 3, 7, 14, 28ನೇ ದಿನ. ಹಾಲು ಕುದಿಸಿದರೆ ವೈರಸ್ ಉಳಿಯುವುದಿಲ್ಲ, ಹಸಿ ಹಾಲು ಮಾತ್ರ ಯಾರಿಗೂ ಬೇಡ.

ಒಂದು ಮಾತು ನೆನಪಿಡಿ. ಹಸು ಜೊಲ್ಲು ಸುರಿಸುತ್ತಾ, ನುಂಗಲಾಗದೆ, ಒಡಕು ದನಿಯಲ್ಲಿ ಕೂಗತೊಡಗಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದುಕೊಂಡು ಬಾಯೊಳಗೆ ಕೈ ಹಾಕಬೇಡಿ. ಹಾಗೆ ಕೈ ಹಾಕಿದವರಿಗೆ ಲಸಿಕೆ ಕೊಡಿಸಲು ನಾನೇ ಓಡಾಡಿದ್ದೇನೆ. ಬೆರಳಲ್ಲಿ ಕಾಫಿ ಗಿಡ ಗೀರಿದ ಗಾಯವಿದ್ದರೂ ಸಾಕು, ಜೊಲ್ಲಿನ ವೈರಸ್ ಒಳಗೆ ಹೋಗಲು.

ಪ್ರಶ್ನೆ (ಇನ್ನೊಬ್ಬ ಮಹಿಳೆ): ತೂರಾಡುವ ನರಿಗೆಲ್ಲ ಹುಚ್ಚೇ ಹಿಡಿದಿರುತ್ತದೆಯೇ ಸಾರ್?

ಉತ್ತರ: ಇಲ್ಲಮ್ಮ. ನಾಯಿ ಜಾತಿಯ ಪ್ರಾಣಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಬಂದರೂ ಹೀಗೇ ತೂರಾಡುತ್ತದೆ. ಅದು ಮನುಷ್ಯರಿಗೆ ಬರುವ ರೋಗವಲ್ಲ, ಆದರೆ ನಾಯಿಯಿಂದ ಕಾಡಿಗೆ, ಕಾಡಿನಿಂದ ನಾಯಿಗೆ ದಾಟುತ್ತದೆ. 2018ರಲ್ಲಿ ಗೀರ್‌ನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಕೆಲವುಗಳಲ್ಲಿ ಸಿಕ್ಕಿದ್ದು ಇದೇ ವೈರಸ್. ನೋಡಿ ಹೇಳಲಾಗದ್ದರಿಂದ, ಕಚ್ಚಿದ ಮೇಲೆ ರೇಬೀಸ್ ಎಂದೇ ಹಿಡಿಯಬೇಕು. ನಾಗರಹೊಳೆ ಅಂಚಿನ ತೋಟದವರು ಕಾವಲು ನಾಯಿಗಳಿಗೆ ಎರಡೂ ಲಸಿಕೆ ಹಾಕಿಸಿ. ನಮ್ಮ ನಾಯಿ ಕಾಡಿನ ಕೆನ್ನಾಯಿಗಳಿಗೆ ರೋಗ ಹೊತ್ತುಕೊಂಡು ಹೋಗಬಾರದು.

ಪ್ರಶ್ನೆ (ಬೆಳೆಗಾರರು): ಕಚ್ಚಿಸಿಕೊಂಡ ನಾಯಿಗಳಲ್ಲಿ ಒಂದಕ್ಕೆ ಲಸಿಕೆಯೇ ಆಗಿಲ್ಲ ಡಾಕ್ಟ್ರೇ.

ಉತ್ತರ: ಎರಡನ್ನೂ ಬೇರೆಬೇರೆ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸಂಜೆ ನಾಲ್ಕಕ್ಕೆ ಬರುತ್ತೇನೆ, ಗೇಟಿನ ಹತ್ತಿರ ಯಾರಾದರೂ ನಿಂತಿರಲಿ.